ಊದಪ್ಪ ಉಸಿರೆಳೆಯಲು ಕಲಿತದ್ದು

ಅಕ್ಕಪಕ್ಕದವರು ಅವನ ಬಗ್ಗೆ ಎರಡು ಮಾತು ಆಡುತ್ತಿದ್ದರು. ಒಂದು: "ಅವನ ಬಾಯಿಂದ ಉಸಿರು ಹೊರಗೆ ಹೋಗೋದು ಕಂಡಿದೀವಿ, ಒಳಗೆ ಬರೋದು ಯಾರೂ ಕಂಡಿಲ್ಲ." ಇನ್ನೊಂದು: "ಬೆಳಗಾಯ್ತು ಅಂತ ತಿಳಿಯೋಕೆ ಗಡಿಯಾರ ಯಾಕೆ, ಅವನು ಚಹಾ ಹೀರೋ ಸದ್ದು ಸಾಕು." ಈ ಎರಡು ಮಾತೂ ವರ್ಷಗಟ್ಟಲೆ ಒಂದೇ ಮೆಟ್ಟಿಲ ಮೇಲೆ, ಒಂದೇ ಬಾಯಿಗಳಲ್ಲಿ ಓಡಾಡಿದವು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಹೊಳೆದದ್ದು ಕೊನೆಗೆ ಅವನ ಹೆಂಡತಿಗೆ. ಆ ಕತೆಗೆ ಬರುತ್ತೇನೆ. ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ನೀರಿದೆ, ಚಳಿಯಿದೆ, ಆದರೆ ಯಾರೂ ಮುಳುಗುವುದಿಲ್ಲ. ನಿಶ್ಚಿಂತೆಯಿಂದ ಕೇಳಿ.

ಬೀದಿಯವರೆಲ್ಲ ಅವನನ್ನು ಊದಪ್ಪ ಎನ್ನುತ್ತಿದ್ದರು. ಗಾಜಿನ ಕಾರ್ಖಾನೆಯಲ್ಲಿ ಊದುವ ಕೆಲಸ. ಉದ್ದನೆಯ ಕಬ್ಬಿಣದ ಕೊಳವೆಯ ತುದಿಗೆ ಕುಲುಮೆಯಿಂದ ಕರಗಿದ ಗಾಜು ಸುತ್ತಿಕೊಂಡು ಬರುವುದು; ಅದು ಜೇನಿನ ಹಾಗೆ ಜೋತಾಡುತ್ತಿರುವಾಗ ಇನ್ನೊಂದು ತುದಿಗೆ ಬಾಯಿಟ್ಟು ಊದುವುದು; ಊದಿದ ತಕ್ಷಣ ಕೊಳವೆಯ ಬಾಯಿಯನ್ನು ಹೆಬ್ಬೆರಳಿಂದ ಮುಚ್ಚುವುದು. ಒಳಗೆ ಸಿಕ್ಕಿಬಿದ್ದ ಉಸಿರು ಬಿಸಿಗೆ ಹಿಗ್ಗಿ, ಗಾಜಿಗೆ ನಿಧಾನವಾಗಿ ಹೊಟ್ಟೆ ಬರುತ್ತದೆ. ಹೂಜಿ, ಬಟ್ಟಲು, ದೀಪದ ಬುರುಡೆ, ಎಲ್ಲಕ್ಕೂ ಅದೇ ಶುರು. ಒಂದು ಊದು, ಒಂದು ಹೆಬ್ಬೆರಳು.

ಕೆಲಸಕ್ಕೆ ಸೇರಿದ ಮೊದಲ ದಿನವೇ ಅವನ ಮೇಸ್ತ್ರಿ ಎರಡೂ ಕೆನ್ನೆಯನ್ನು ಅಂಗೈಯಲ್ಲಿ ಹಿಡಿದು ಹೇಳಿದ್ದು ಒಂದೇ ಮಾತು. "ಕೊಳವೆಗೆ ಕೊಡು. ಕೊಳವೆಯಿಂದ ಮಾತ್ರ ಯಾವತ್ತೂ ತಗೋಬೇಡ. ಒಂದೇ ಒಂದು ಸಲ ಒಳಗೆ ಎಳೆದೆ ಅನ್ನು, ಆ ಬೆಂಕಿ ಗಾಳಿ ನಿನ್ನ ಎದೆಯಲ್ಲಿ ಕೂತುಬಿಡತ್ತೆ." ಊದಪ್ಪ ಆ ಮಾತನ್ನು ಕಿವಿಗಲ್ಲ, ಬಾಯಿಗೇ ಹಾಕಿಕೊಂಡ. ಕೊಳವೆ ತುಟಿಗೆ ತಾಗಿದರೆ ಸಾಕು, ಗಂಟಲು ತಾನಾಗಿ ಒಂದು ಬಾಗಿಲು ಮುಚ್ಚುತ್ತಿತ್ತು. ಮದುವೆಯ ಹೊಸತರಲ್ಲಿ ಹೆಂಡತಿ ತಂಪು ಪಾನೀಯಕ್ಕೆ ಸ್ಟ್ರಾ ಹಾಕಿ ಕೊಟ್ಟಾಗ ಗ್ಲಾಸಿನೊಳಗೆ ಬುಡುಬುಡು ಗುಳ್ಳೆ ಎಬ್ಬಿಸಿ ಅವಳ ಹೊಸ ಸೀರೆಯನ್ನೆಲ್ಲ ತೋಯಿಸಿದ್ದನಂತೆ. ಅವಳು ಅದನ್ನು ಇವತ್ತಿಗೂ ಮರೆತಿಲ್ಲ.

ಕುಲುಮೆಯ ಮುಂದೆ ನಿಂತವನಿಗೆ ಚಳಿಯೆಂದರೆ ಏನೆಂದು ಗೊತ್ತಿರಲಿಲ್ಲ. ಬೀದಿಯ ಜನ ಕೋಟು, ಮಫ್ಲರು, ಕಿವಿ ಮುಚ್ಚುವ ಟೋಪಿ ಹಾಕಿಕೊಂಡು ನಡುಗುತ್ತ ಓಡಾಡುವ ಕಾಲದಲ್ಲೂ ಅವನು ಬನಿಯನ್ನಿನಲ್ಲಿ ಬಾಲ್ಕನಿಗೆ ಬಂದು ನಿಲ್ಲುತ್ತಿದ್ದ. ಕೆಳಗಿನ ಅಂಗಡಿಯ ಕ್ಷೌರಿಕ ತಲೆ ಎತ್ತಿ ನೋಡಿ, "ಊದಪ್ಪಣ್ಣ, ಸ್ವಲ್ಪ ಈ ಕಡೆ ನಿಂತ್ಕೋ, ನನ್ನ ಗಿರಾಕಿಗಳು ಕೈ ಕಾಯಿಸ್ಕೊಳ್ಳಲಿ" ಎನ್ನುತ್ತಿದ್ದ.

ಅಂಥವನ ಮನೆಯಲ್ಲಿ ತಣ್ಣೀರಿನ ಮಗಳು ಹುಟ್ಟಿದಳು. ಬೇರೆ ಹೇಗೆ ಹೇಳಲಿ. ಊರಾಚೆ ಒಂದು ದೊಡ್ಡ ಕೆರೆಯಿದೆ. ಕೆರೆ ಅನ್ನುವುದು ಬಾಯಿ ಮಾತಿಗೆ. ಆಚೆಯ ದಡ ಮಂಜಿನಲ್ಲಿ ಇದ್ದೂ ಇಲ್ಲದಂತಿರುವ ನೀರು ಅದು. ಚಳಿಗಾಲ ಗಟ್ಟಿಯಾದರೆ ಮೇಲ್ಮೈ ಹೆಪ್ಪುಗಟ್ಟುತ್ತದೆ. ಮಗಳು ಆ ನೀರಿಗಿಳಿದು ಸೇತುವೆಯ ಕಂಬಗಳಿಗೆ ಬಿರುಕು ಬಿಟ್ಟಿದೆಯೇ ಎಂದು ದೀಪ ಹಿಡಿದು ನೋಡುವ ಕೆಲಸಕ್ಕೆ ಸೇರಿದಳು. ರಜೆಯ ದಿನಗಳಲ್ಲಿ ಊರಿನ ಈಜುಕೊಳದಲ್ಲಿ ಹೊಸಬರಿಗೆ ಗಾಳಿಯ ಸಿಲಿಂಡರ್ ಕಟ್ಟಿ ನೀರಿಗಿಳಿಯುವ ಡೈವಿಂಗ್ ಕಲಿಸುತ್ತಿದ್ದಳು. ಸಂಜೆ ಅಪ್ಪ ಬೆಂಕಿಯಿಂದ ಬರುತ್ತಿದ್ದ, ಮಗಳು ನೀರಿನಿಂದ ಬರುತ್ತಿದ್ದಳು. ಅವನ ಹುಬ್ಬು ಸುಟ್ಟಿರುತ್ತಿತ್ತು, ಇವಳ ಕಿವಿ ಕೆಂಪಗಿರುತ್ತಿತ್ತು. ಅಡುಗೆಮನೆಯ ಮೇಜಿಗೆ ಎದುರುಬದುರು ಕೂತು ಇಬ್ಬರೂ ಒಂದೇ ಪಾತ್ರೆಯಿಂದ ಬಡಿಸಿಕೊಂಡು ಉಣ್ಣುತ್ತಿದ್ದರು. ಮಧ್ಯದಲ್ಲಿ ಕೂತ ತಾಯಿ, "ಒಂದು ಕಡೆ ಒಲೆ, ಒಂದು ಕಡೆ ಫ್ರಿಜ್ಜು. ನನಗೆ ನೆಗಡಿ ಬಿಡೋದು ಯಾವಾಗ?" ಎನ್ನುತ್ತಿದ್ದಳು.

ಒಂದು ಸಂಜೆ ಅಪ್ಪ ಕೇಳಿದ, "ಕೆಳಗೆ ಹೇಗಿರತ್ತೆ ಮಗಾ?"

"ಹಸಿರು."

"ಎಂಥ ಹಸಿರು?"

"ಎಲೆ ಹಸಿರಲ್ಲಪ್ಪ. ಪಾಚಿ ಹಸಿರೂ ಅಲ್ಲ. ಕೆಳಗೆ ಹೋಗ್ತಾ ಹೋಗ್ತಾ ಬೆಳಕು ತೆಳ್ಳಗಾಗತ್ತೆ ನೋಡು, ಆಗ ಒಂದು ಕಡೆ, ಕಪ್ಪಾಗೋಕೆ ಮುಂಚೆ... ಅದನ್ನ ಹೇಳೋಕೆ ಬರಲ್ಲ."

ಹೇಳಲು ಬರುವುದಿಲ್ಲ ಎಂದರೆ ಗಾಜಿನವನು ಬಿಡುತ್ತಾನೆಯೇ. ಮರುದಿನ ಪಾಳಿ ಮುಗಿದ ಮೇಲೆ ಉಳಿದ ಗಾಜಿಗೆ ಚಿಟಿಕೆ ಕಬ್ಬಿಣದ ಪುಡಿ, ಚಿಟಿಕೆ ತಾಮ್ರ ಹಾಕಿ, ಅಂಗೈಯಷ್ಟು ಬಿಲ್ಲೆ ಮಾಡಿ ತಂದ. ಮಗಳು ಅದನ್ನು ಕಿಟಕಿಗೆ ಹಿಡಿದು, "ನೀಲಿ ಜಾಸ್ತಿ" ಅಂದಳು. ಮತ್ತೆ ತಂದ. "ಇದು ಬಾಟಲಿ ಹಸಿರು, ಔಷಧಿ ವಾಸನೆ ಬರ್ತಿದೆ." ಮತ್ತೆ ತಂದ. "ಹತ್ರ ಬಂದಿದೆ, ಆದ್ರೆ ಇದಕ್ಕೆ ಆಳ ಇಲ್ಲ." ಹೀಗೆ ಅವರಿಬ್ಬರ ನಡುವೆ ವರ್ಷಗಟ್ಟಲೆ ಹಸಿರು ಬಿಲ್ಲೆಗಳು ಓಡಾಡಿದವು. ಬೇರೆ ಮನೆಗಳಲ್ಲಿ ಅಪ್ಪ ಮಗಳು ಮಾತಾಡಿಕೊಳ್ಳುತ್ತಾರೆ. ಈ ಮನೆಯಲ್ಲಿ ಗಾಜು ಕೊಟ್ಟು ತೆಗೆದುಕೊಳ್ಳುತ್ತಿದ್ದರು. ತಿರಸ್ಕೃತ ಬಿಲ್ಲೆಗಳನ್ನು ತಾಯಿ ಉಪ್ಪಿನಕಾಯಿ ಜಾಡಿಗೆ ಮುಚ್ಚಳ ಮಾಡಿಕೊಂಡಳು, ಬಾಗಿಲು ಬಡಿಯದಂತೆ ಒತ್ತು ಕೊಟ್ಟಳು, ಉಳಿದವನ್ನು ಹೂಕುಂಡಕ್ಕೆ ಹಾಕಿದಳು.

ಆಮೇಲೆ ಕಾರ್ಖಾನೆ ಮುಚ್ಚಿತು. ಊದಿದ ಗಾಜು ಕೇಳುವವರಿಲ್ಲ ಎಂದ ಯಜಮಾನ, ಅವನ ಕಣ್ಣಲ್ಲೂ ನೀರಿತ್ತು. ಕುಲುಮೆಯ ಕೊನೆಯ ದಿನ ಊದಪ್ಪ ಕೊನೆಯ ಬಿಲ್ಲೆ ಮಾಡಿದ. ಮನೆಗೆ ತಂದು ಮಗಳ ಕೈಗಿಟ್ಟ. ಅವಳು ಕಿಟಕಿಗೆ ಹಿಡಿದಳು. ಹೊರಗೆ ಸಂಜೆ ಇಳಿಯುತ್ತಿತ್ತು. "ಇದೇ ಅಪ್ಪ," ಅಂದಳು. "ಇದೇ ಬಣ್ಣ. ಇದೇ."

ಊದಪ್ಪ ತಲೆಯಾಡಿಸಿದ. ಆದರೆ ಅವನು ಒಂದನ್ನು ಗಮನಿಸಿದ್ದ. ಹಾಗೆನ್ನುವ ಮೊದಲು ಮಗಳು ನೋಡಿದ್ದು ಗಾಜನ್ನಲ್ಲ, ಅವನ ಮುಖವನ್ನು.

ಆ ಬಿಲ್ಲೆ ಅಡುಗೆಮನೆಯ ಕಿಟಕಿಯ ದಂಡೆಯಲ್ಲಿ ಕೂತಿತು. ಊದಪ್ಪ ಅದರ ಎದುರಿನ ಕುರ್ಚಿಯಲ್ಲಿ ಕೂತ. ಅವನಿಗೆ ಜೀವನದಲ್ಲಿ ಮೊದಲ ಸಲ ಚಳಿಯಾಯಿತು. ಸ್ವೆಟರ್ ಹಾಕಿದ, ಮೇಲೊಂದು ಶಾಲು ಹೊದ್ದ. ಮಧ್ಯಾಹ್ನ ಕೂತಲ್ಲೇ ಮಂಪರು ಬಂದು ಅದೇ ಒಂದು ಕನಸು: ಕುಲುಮೆಯ ಬಾಗಿಲು ತೆರೆದು ನೋಡಿದರೆ ಒಳಗೆ ಕೆಂಪು ಇಲ್ಲ, ಹಸಿರು; ತಳವಿಲ್ಲದ ಹಸಿರು; ಅದರೊಳಗೆ ದೂರದಲ್ಲಿ ಮಗಳ ದೀಪ, ತೇಲುತ್ತಾ ತೇಲುತ್ತಾ. ಅವನು ಕೊಳವೆ ಹಿಡಿದು ಹೊರಗೆ ನಿಂತಿದ್ದಾನೆ. ಗಾಜು ಇನ್ನೂ ಗಟ್ಟಿಯಾಗಿಲ್ಲ, ಈಗಲೇ ಕಾಲಿಟ್ಟರೆ ಒಳಗೆ ಹೋಗಬಹುದು, ತಡಮಾಡಿದರೆ ಆಗದು.

ಚಳಿಗಾಲ ಇನ್ನೂ ಎಳೆಯದಾಗಿರುವಾಗ, ಒಂದು ಬೆಳಿಗ್ಗೆ ಚಹಾ ಹೀರಿ ಲೋಟ ಕೆಳಗಿಟ್ಟು ಅಂದ, "ನಾನೂ ಇಳೀತೀನಿ."

"ಎಲ್ಲಿಂದ? ಮಾಳಿಗೆಯಿಂದಾನಾ?" ಅಂದಳು ಹೆಂಡತಿ, ತಿರುಗಿ ನೋಡದೆ.

"ಕೆರೆಗೆ."

ಈಗ ತಿರುಗಿದಳು. "ರೀ, ನಿಮಗೆ ಈ ಶಾಲೇ ಸಾಲದು ಅಂತ ನಿನ್ನೆ ನನ್ನ ರಗ್ಗು ಎಳ್ಕೊಂಡ್ರಿ. ಕೆರೆಯಂತೆ!"

"ನೋಡಬೇಕು ಕಣೆ. ನಾನು ಮಾಡಿದ್ದು ಅದೇನಾ ಅಂತ."

ಅವಳಿಗೆ ಅರ್ಥವಾಯಿತು. ಕಿಟಕಿಯ ದಂಡೆಯ ಕಡೆಗೊಮ್ಮೆ, ಮಗಳ ಕೋಣೆಯ ಬಾಗಿಲ ಕಡೆಗೊಮ್ಮೆ ನೋಡಿದಳು. ತಗ್ಗಿದ ದನಿಯಲ್ಲಿ, "ಅದಲ್ಲ ಅಂತಾದ್ರೆ?" ಅಂದಳು.

ಊದಪ್ಪ ಖಾಲಿ ಲೋಟವನ್ನು ಇನ್ನೊಂದು ಸಲ ಹೀರಿದ.

ಮಗಳಿಗೆ ಸುದ್ದಿ ತಿಳಿದಾಗ ಅವಳ ಮುಖದಲ್ಲಿ ಸಂತೋಷ ಬಂತು, ಅದರ ಬೆನ್ನಿಗೇ ಇನ್ನೇನೋ ಬಂತು. "ಮೊದಲು ಡಾಕ್ಟರ್ ಹತ್ರ ತೋರಿಸು" ಅಂದಳು. ಡಾಕ್ಟರು ಊದುವ ಯಂತ್ರ ಬಾಯಿಗಿಟ್ಟರು. ಊದಪ್ಪ ಊದಿದ. ಮುಳ್ಳು ಕೊನೆಗೆ ಹೋಗಿ ಅಲ್ಲೇ ನಿಂತಿತು. ಡಾಕ್ಟರು ಯಂತ್ರ ಕೆಟ್ಟಿತೆಂದು ಪಟಪಟ ತಟ್ಟಿ, ತಾವೇ ಒಮ್ಮೆ ಊದಿ ನೋಡಿ, ಪೆಚ್ಚಾಗಿ ನಕ್ಕು, ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿ, ಸರಿಯಿದೆ ಎಂದು ಬರೆದುಕೊಟ್ಟರು. ಊದುವುದನ್ನಷ್ಟೇ ಪರೀಕ್ಷಿಸಿದ್ದರು.

ಈಜುಕೊಳದ ಬಾಗಿಲಲ್ಲೇ ಮಗಳು ಹೇಳಿಬಿಟ್ಟಳು, "ಇಲ್ಲಿ ನಾನು ಟೀಚರ್. ನಾನು ಹೇಳಿದ ಹಾಗೆ ಕೇಳಬೇಕು ನೀವು."

"ನೀವು?" ಎಂದು ಊದಪ್ಪ ಹಿಂದೆ ತಿರುಗಿ ನೋಡಿದ, ಬೇರೆ ಯಾರಿಗಾದರೂ ಹೇಳಿದಳೇನೋ ಎಂದು.

ಮೊದಲು ಕೈಸನ್ನೆ ಕಲಿಸಿದಳು. ತೋರುಬೆರಳು ಹೆಬ್ಬೆರಳು ಸೇರಿಸಿ ಉಂಗುರ ಮಾಡಿದರೆ 'ಎಲ್ಲ ಸರಿ'. ಹೆಬ್ಬೆರಳು ಮೇಲೆತ್ತಿದರೆ 'ಮೇಲೆ ಹೋಗೋಣ'. ಊದಪ್ಪ ಅರ್ಥವಾಯಿತು ಎನ್ನಲು ಹೆಬ್ಬೆರಳು ಎತ್ತಿದ. "ನೋಡಿ, ಈಗಷ್ಟೇ ಮೇಲೆ ಹೋಗೋಣ ಅಂದ್ರಿ. ಇನ್ನೂ ಇಳಿದೇ ಇಲ್ಲ" ಅಂದಳು ಟೀಚರು.

ಆಮೇಲೆ ರೆಗ್ಯುಲೇಟರ್ ಕೊಟ್ಟಳು. ಬೆನ್ನಿನ ಸಿಲಿಂಡರಿನಿಂದ ಒಂದು ರಬ್ಬರ್ ಕೊಳವೆ ಬಂದು, ಅದರ ತುದಿಯಲ್ಲಿ ಬಾಯಲ್ಲಿ ಕಚ್ಚಿ ಹಿಡಿಯುವ ಒಂದು ಡಬ್ಬಿ. ಎಳೆದರೆ ಗಾಳಿ ಬರುತ್ತದೆ, ಬಿಟ್ಟರೆ ಗುಳ್ಳೆಯಾಗಿ ಹೋಗುತ್ತದೆ. ಡಬ್ಬಿಯ ಮುಂಭಾಗದಲ್ಲಿ ಒಂದು ಗುಂಡಿ. ನೀರು ಸೇರಿಕೊಂಡರೆ ಹೊರಗೆ ತಳ್ಳಲು ಅದನ್ನು ಒತ್ತುವುದು.

ಇಬ್ಬರೂ ಎದೆಮಟ್ಟದ ನೀರಿನಲ್ಲಿ ಮಂಡಿಯೂರಿ ಮುಳುಗಿದರು. ಊದಪ್ಪ ಡಬ್ಬಿಯನ್ನು ಬಾಯಲ್ಲಿಟ್ಟ. ತುಟಿಗೆ ಕೊಳವೆ ತಾಗಿತು. ಗಂಟಲಿನ ಬಾಗಿಲು ಮುಚ್ಚಿತು. ಊದಿದ. ಚೆನ್ನಾಗಿ, ಉದ್ದಕ್ಕೆ, ಒಂದು ದೊಡ್ಡ ಹೂಜಿಗೆ ಸಾಕಾಗುವಷ್ಟು ಊದಿದ. ಊದಿದ ಕೂಡಲೇ ಬಲಗೈ ಎದ್ದು ಬಂತು. ಹೆಬ್ಬೆರಳು ಮುಂದಿನ ಗುಂಡಿಯ ಮೇಲೆ ಗಟ್ಟಿಯಾಗಿ ಕೂತಿತು.

ಸಿಲಿಂಡರಿನ ಗಾಳಿ ಒಮ್ಮೆಗೇ ಬಾಯೊಳಗೆ ನುಗ್ಗಿತು. ಕೆನ್ನೆಗಳು ಕಪ್ಪೆಯಂತೆ ಉಬ್ಬಿದವು, ಮೂಗಿನಿಂದ ಗಾಳಿ ಹೊರಟು, ಕಣ್ಣು ಮೂಗು ಮುಚ್ಚಿದ್ದ ಮಾಸ್ಕ್ ಹಾರಿತು, ಊದಪ್ಪ ಕೆಮ್ಮುತ್ತಾ ಮೇಲೆದ್ದ. ಮಗಳು ಕೊಳದ ಅಂಚು ಹಿಡಿದು ಹೊಟ್ಟೆ ಹುಣ್ಣಾಗುವಂತೆ ನಕ್ಕಳು. ಎರಡನೆಯ ಸಲವೂ ಹಾಗೇ ಆಯಿತು. ಮೂರನೆಯ ಸಲ ಅವಳು ನಗಲಿಲ್ಲ.

ಬಟ್ಟೆ ಬದಲಿಸುವ ಕೋಣೆಯ ಬೆಂಚಿನ ಮೇಲೆ ಟವೆಲ್ ಹೊದ್ದು ಕೂತ ಅಪ್ಪನ ಪಕ್ಕದಲ್ಲಿ ಅವಳು ಕೂತಳು. ಈಗ ಟೀಚರ್ ಅಲ್ಲ. "ಅಪ್ಪ, ಇಲ್ಲಿ ನೀರು ಬೆಚ್ಚಗಿದೆ, ನಡೆಯತ್ತೆ. ಕೆರೆಯಲ್ಲಿ ಹಾಗಲ್ಲ. ಆ ತಣ್ಣೀರಲ್ಲಿ ಈ ಗುಂಡಿ ಒತ್ತಿಬಿಟ್ರೆ ಡಬ್ಬಿಯೊಳಗೆ ಐಸ್ ಕಟ್ಟತ್ತೆ. ಆಮೇಲೆ ಗಾಳಿ ನಿಲ್ಲೋದೇ ಇಲ್ಲ, ನಲ್ಲಿ ಮುರಿದ ಹಾಗೆ ಸುರಿದು ಸಿಲಿಂಡರ್ ಖಾಲಿ. ನಿನ್ನ ಬಾಯಿ ಎಳೀಬೇಕು, ಹೆಬ್ಬೆರಳು ಸುಮ್ನಿರಬೇಕು. ಕೆರೆ ಹೆಪ್ಪುಗಟ್ಟೋದ್ರೊಳಗೆ ಇವೆರಡೂ ಆಗ್ಲಿಲ್ಲ ಅಂದ್ರೆ ನಾನು ಕರ್ಕೊಂಡು ಹೋಗಲ್ಲ. ಬೇಜಾರು ಮಾಡ್ಕೋಬೇಡ."

"ಮುಂದಿನ ವರ್ಷ?"

"ಮುಂದಿನ ವರ್ಷಕ್ಕೆ ನಿನ್ನ ಎದೆಗೂ ಒಂದು ವರ್ಷ ಜಾಸ್ತಿ ಆಗತ್ತಲ್ಲಪ್ಪ."

ಊದಪ್ಪ ತನ್ನ ಹೆಬ್ಬೆರಳನ್ನು ನೋಡಿಕೊಂಡ. ತುದಿಯಲ್ಲಿ ಕೊಳವೆಯ ಬಾಯಿಯ ಉಂಗುರದ ಗುರುತು ಇನ್ನೂ ಇತ್ತು, ಮಾಸದ ಮುದ್ರೆಯ ಹಾಗೆ.

ಮನೆಯಲ್ಲಿ ಸಿದ್ಧತೆ ಶುರುವಾಯಿತು. ಬಟ್ಟೆ ಒಗೆಯುವ ದೊಡ್ಡ ಬೋಗುಣಿಗೆ ತಣ್ಣೀರು ತುಂಬಿ, ಫ್ರಿಜ್ಜಿನ ಐಸೆಲ್ಲ ಸುರಿದು, ಅದರಲ್ಲಿ ಮುಖ ಮುಳುಗಿಸುವುದು. ತಣ್ಣೀರು ಮುಖಕ್ಕೆ ತಾಗಿದ ಕ್ಷಣ ಎದೆ ಹಾರುತ್ತದೆ, ಆ ಗಾಬರಿಯನ್ನು ಪಳಗಿಸಿಕೊಳ್ಳಲಿ ಎಂದು ಮಗಳು ಹೇಳಿಕೊಟ್ಟಿದ್ದಳು. ಊದಪ್ಪ ಮುಖ ಇಡುವುದು, ಎತ್ತುವುದು, ಮೀಸೆಯಿಂದ ನೀರು ತೊಟ್ಟಿಕ್ಕುತ್ತಾ ಮತ್ತೆ ಇಡುವುದು. ಕೆಲವು ದಿನ ಕಳೆದ ಮೇಲೆ ಚಳಿ ಹೊಡೆತವಾಗಿ ಬರುವುದು ಬಿಟ್ಟು, ಬಾಗಿಲು ತಟ್ಟಿ ಬರುವ ಪರಿಚಯದವರ ಹಾಗೆ ಬರತೊಡಗಿತು. ಬೋಗುಣಿಯ ತಳದಲ್ಲಿ ಕಣ್ಣು ಬಿಟ್ಟರೆ ಐಸಿನ ತುಂಡುಗಳ ನಡುವೆ ಕಿಟಕಿಯ ಬೆಳಕು ಒಡೆದು ಒಡೆದು ಓಡುತ್ತಿತ್ತು. ಅವನು ಅಲ್ಲೇ ಇದ್ದುಬಿಡುತ್ತಿದ್ದ. "ರೀ, ಮುಖ ತೊಳ್ಯೋಕೆ ಇಷ್ಟು ಹೊತ್ತಾ? ನನಗೆ ಬೋಗುಣಿ ಬೇಕು" ಎಂದು ಹೆಂಡತಿ ಬೆನ್ನು ತಟ್ಟಿದರೆ ಮಾತ್ರ ಮೇಲೆ ಬರುತ್ತಿದ್ದ.

ಆದರೆ ಬೋಗುಣಿಯಲ್ಲಿ ಮಗಳು ಕೊಟ್ಟ, ನೀರಿನ ಮೇಲಿನ ಗಾಳಿ ಎಳೆಯುವ ಸ್ನಾರ್ಕೆಲ್ ಕೊಳವೆ ಬಾಯಿಗಿಟ್ಟರೆ ಮಾತ್ರ ಮತ್ತದೇ. ಬುಸ್ಸೆಂದು ಊದಿ, ಹೆಬ್ಬೆರಳಿಂದ ಮುಚ್ಚಿ, ಉಸಿರುಗಟ್ಟಿ ಮೇಲೇಳುವುದು.

ಒಂದು ದಿನ ನೀರು ಒಳಬಾರದ ಸೂಟನ್ನು ಮಗಳು ಮನೆಗೆ ತಂದಳು, ತೊಟ್ಟು ಅಭ್ಯಾಸವಾಗಲಿ ಎಂದು. ಒಳಗೆ ಎರಡು ಪದರ ಉಣ್ಣೆ, ಮೇಲೆ ಸೂಟು. ಕಾಲು ಹೋಯಿತು, ಕೈ ಹೋಯಿತು, ತಲೆ ಹೋಗಲಿಲ್ಲ. ಕತ್ತಿನ ರಬ್ಬರ್ ಪಟ್ಟಿ ಹಣೆಯಲ್ಲಿ ಸಿಕ್ಕಿಕೊಂಡಿತು. ಅಮ್ಮ ಮಗಳು ಎರಡೂ ಕಡೆ ಜಗ್ಗಿದರು. ಒಳಗಿನಿಂದ ಊದಪ್ಪ ಏನೋ ಕೂಗಿದ, ಹೊರಗೆ ಕರು ಅಂಬಾ ಎಂದಂತೆ ಕೇಳಿಸಿತು. ಕೊನೆಗೆ ಕೆಳಗಿನ ಕ್ಷೌರಿಕನನ್ನು ಕರೆದರು.

ಅವನು ಒಂದು ಸುತ್ತು ಹಾಕಿ ನೋಡಿದ. "ಅಕ್ಕ, ಒಳಗಿರೋದು ನಮ್ಮ ಊದಪ್ಪಣ್ಣನೇ ತಾನೇ? ಗ್ಯಾರಂಟಿ ಇದೆಯಾ?" ಎಂದು, ಜೇಬಿನಿಂದ ಪೌಡರ್ ಡಬ್ಬಿ ತೆಗೆದು ರಬ್ಬರಿನ ಸುತ್ತ ಉದುರಿಸಿ, ಗಿರಾಕಿಯ ತಲೆಯನ್ನು ತಿರುಗಿಸುವ ಹಾಗೆ ಮೆಲ್ಲಗೆ ಒಂದು ತಿರುವು ಕೊಟ್ಟ. ಬೆಳ್ಳಗಾದ ತಲೆಯೊಂದು ಹೊರಗೆ ಬಂತು. "ಕಟಿಂಗ್ ಬೇರೆ ಬೇಕಾಗಿತ್ತು. ಇದನ್ನ ಬಿಚ್ಚಿದ ಮೇಲೆ ಬಾ" ಎಂದು ಇಳಿದು ಹೋದ.

ಆ ಸೂಟಿನಲ್ಲೇ ಊದಪ್ಪ ಅಡುಗೆಮನೆಯ ಕುರ್ಚಿಯಲ್ಲಿ ಕೂತ. ಹೊರಗೆ ಆ ವರ್ಷದ ಮೊದಲ ಹಿಮ ಬೀಳುವುದೋ ಬೇಡವೋ ಎಂಬಂತೆ ಗಾಳಿಯಲ್ಲೇ ತೂಗುತ್ತಿತ್ತು. ಮಗಳು ಅದನ್ನು ನೋಡಿ, ಕೆಲಸಕ್ಕೆ ಹೊತ್ತಾಯಿತು ಎಂದು ಹೋದಳು. ಕೆರೆಗೆ ಉಳಿದಿದ್ದ ದಿನಗಳು ತೆಳ್ಳಗಾಗುತ್ತಿವೆ ಎಂದು ಮೂವರಿಗೂ ಗೊತ್ತಿತ್ತು.

ಹೆಂಡತಿ ಚಹಾ ತಂದಿಟ್ಟಳು. ಆ ಬೂದು ಸೂಟಿನೊಳಗಿಂದ ಒಂದು ಕೈ ಬಂತು, ಲೋಟ ಎತ್ತಿತು. ಸೊರ್ರ್.

ಎಷ್ಟೋ ವರ್ಷಗಳಿಂದ ಕೇಳಿದ ಸದ್ದು. ಅದಕ್ಕಾಗಿ ಅವಳು ನೆಂಟರ ಮನೆಯಲ್ಲಿ ಎಷ್ಟು ಸಲ ತಲೆ ತಗ್ಗಿಸಿದ್ದಳೋ. ಈಗ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು.

"ಇನ್ನೊಂದು ಸಲ ಕುಡೀರಿ."

"ಏನು?"

"ಕುಡೀರಿ ಅಂದೆ."

ಸೊರ್ರ್.

"ರೀ! ಬರೀ ಚಹಾ ಹೋಗ್ತಿದೆಯಾ ಒಳಗೆ? ಅದರ ಜೊತೆ ಅರ್ಧ ಮನೆ ಗಾಳಿ ಹೋಗ್ತಿದೆ. ನಿಮಗೆ ಎಳೆಯೋಕೆ ಬರಲ್ಲ ಅಂದೋರು ಯಾರು? ಬೀದಿಗೆಲ್ಲ ಕೇಳೋ ಹಾಗೆ ಎಳೀತೀರಿ!" ಅವಳು ಸ್ನಾರ್ಕೆಲ್ ತಂದು ಅವನ ಕೈಗೆ ತುರುಕಿದಳು. "ಇದು ಕೊಳವೆ ಅಂತ ಯೋಚನೆ ಮಾಡ್ಬೇಡಿ. ಬಿಸಿ ಚಹಾ. ನಾಲಿಗೆ ಸುಡತ್ತೆ. ಹೀರಿ."

ಊದಪ್ಪ ಕಣ್ಣು ಮುಚ್ಚಿದ. ಹಬೆ, ಏಲಕ್ಕಿ, ಲೋಟದ ಅಂಚಿನ ಬಿಸಿ, ಎಲ್ಲವನ್ನೂ ನೆನೆದುಕೊಂಡ. ಸೊರ್ರ್. ಗಾಳಿ ಒಳಗೆ ಬಂತು. ಗಂಟಲಿನ ಬಾಗಿಲಿಗೆ ತಿಳಿಯುವಷ್ಟರಲ್ಲಿ ಬಂದುಬಿಟ್ಟಿತ್ತು. ಆಮೇಲೆ ಬಿಡುವುದು, ಅದನ್ನಂತೂ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಉದ್ದನೆಯ, ನೂಲಿನಂತಹ, ಮುಗಿಯದ ಉಸಿರು.

ಆದರೆ ಬಲಗೈ ಮತ್ತೆ ಎದ್ದು ಬರುತ್ತಿತ್ತು. ಹೆಂಡತಿ ಆ ಕೈ ಮೇಲೆ ಚಟ್ಟನೆ ಹೊಡೆದಳು. "ಇದಕ್ಕೆ ಏನಾದ್ರೂ ಕೆಲಸ ಕೊಡಿ. ಸುಮ್ನೆ ಇದ್ರೆ ಇದು ಬಾಯಿ ಹತ್ರಾನೇ ಬರತ್ತೆ." ಸುತ್ತ ನೋಡಿ, ಕಿಟಕಿಯ ದಂಡೆಯಿಂದ ಹಸಿರು ಬಿಲ್ಲೆ ಎತ್ತಿ ಅವನ ಅಂಗೈಯಲ್ಲಿಟ್ಟಳು. ಹೆಬ್ಬೆರಳು ಅದರ ಅಂಚನ್ನು ಸವರಿತು. ಮತ್ತೆ ಸವರಿತು. ತಾನು ಮಾಡಿದ್ದನ್ನು ತಾನೇ ಗುರುತು ಹಿಡಿದಂತೆ ಅಲ್ಲೇ ಸುತ್ತು ಹಾಕುತ್ತಾ ಉಳಿಯಿತು.

ಮುಂದಿನ ರಜೆಯ ದಿನ ಈಜುಕೊಳದ ತಳದಲ್ಲಿ ಊದಪ್ಪ ಮಂಡಿಯೂರಿ ಕೂತಿದ್ದ. ಬಲ ಮುಷ್ಟಿಯಲ್ಲಿ ಬಿಲ್ಲೆ. ಚಹಾ ಹೀರಿದಂತೆ ಹೀರಿದ, ಹೂಜಿ ಊದಿದಂತೆ ಬಿಟ್ಟ. ಗುಳ್ಳೆಗಳು ಹೊರಟವು. ಅವನು ತಲೆ ಎತ್ತಿ ನೋಡಿದ. ಮೇಲೇರುತ್ತಾ ಒಂದೊಂದೂ ಹಿಗ್ಗುತ್ತಿತ್ತು, ಚಪ್ಪಟೆಯಾಗಿ ಬಟ್ಟಲಾಗುತ್ತಿತ್ತು, ನಡುಗಿ ತಟ್ಟೆಯಾಗುತ್ತಿತ್ತು, ಬೆಳ್ಳಿಯಂತೆ ಹೊಳೆದು ಮೇಲ್ಮೈಯಲ್ಲಿ ಒಡೆಯುತ್ತಿತ್ತು. ಜೀವಮಾನವಿಡೀ ಒಂದೊಂದೇ ಗುಳ್ಳೆಯನ್ನು ಬೆಂಕಿಯಲ್ಲಿ ಕಾಪಾಡಿದವನು. ಇಲ್ಲಿ ಪ್ರತಿ ಉಸಿರಿಗೂ ಒಂದು ಕಾರ್ಖಾನೆಯ ಸರಕು ಹೊರಡುತ್ತಿತ್ತು, ಅಚ್ಚಿಲ್ಲ, ಕೊಳವೆಯಿಲ್ಲ, ಒಡೆದರೆ ಬೈಯುವವರಿಲ್ಲ. ಮಗಳು ಎದುರಿಗೆ ಬಂದು ಬೆರಳುಂಗುರ ತೋರಿಸಿದಳು: ಎಲ್ಲ ಸರಿಯಾ? ಅವನು ಎಡಗೈಯಲ್ಲಿ ಉಂಗುರ ಮಾಡಿ ತೋರಿಸಿದ. ಆಗ ಅವಳ ಕಣ್ಣು ಅವನ ಬಲ ಮುಷ್ಟಿಯ ಮೇಲೆ ಬಿತ್ತು. ಬೆರಳ ಸಂದಿಯಲ್ಲಿ ಹಸಿರು.

ಆ ಸಂಜೆ ಊಟದ ಮೇಜಿನಲ್ಲಿ ಅವಳು ಅನ್ನ ಕಲೆಸುತ್ತಲೇ ಇದ್ದಳು, ತುತ್ತೆತ್ತಲಿಲ್ಲ.

"ನಾಳಿದ್ದು ಬೆಳಿಗ್ಗೆ ಹೋಗೋಣ ಅಪ್ಪ. ದಡದಲ್ಲಿ ಆಗ್ಲೇ ಐಸ್ ಕಟ್ತಾ ಇದೆ. ಇನ್ನು ತಡ ಮಾಡೋ ಹಾಗಿಲ್ಲ."

ಊದಪ್ಪನ ಮುಖ ಕುಲುಮೆಯ ಬಾಗಿಲು ತೆರೆದ ಹಾಗಾಯಿತು.

"ಒಂದು ಮಾತು. ಆ ಬಿಲ್ಲೆ... ಕೆರೆಗೆ ಅದು ಬೇಡ."

"ಯಾಕೆ? ಹೆಬ್ಬೆರಳಿಗೆ ಏನು ಕೊಡ್ಲಿ?"

"ಅಲ್ಲಿ ದಪ್ಪ ಕೈಗವಸು ಇರತ್ತೆ, ಹಿಡಿದದ್ದು ಗೊತ್ತಾಗಲ್ಲ. ಜಾರಿ ಬಿದ್ರೆ ಆಳಕ್ಕೆ ಹೋಗತ್ತೆ. ಅದರ ಹಿಂದೆ ನೀನೂ ಹೋಗ್ತೀಯ, ನಂಗೊತ್ತು." ತಟ್ಟೆಯಿಂದ ತಲೆ ಎತ್ತಲಿಲ್ಲ. "ಅದರ ಬದಲು ನನ್ನ ಕೈ ಹಿಡ್ಕೋ. ಕೆಳಗಿರೋಷ್ಟು ಹೊತ್ತೂ. ಸಣ್ಣವಳಿದ್ದಾಗ ರಸ್ತೆ ದಾಟಿಸ್ತಿದ್ದೆಯಲ್ಲ, ಹಾಗೆ."

ಅವಳು ಹೇಳಿದ್ದೆಲ್ಲ ಸರಿಯೇ ಇತ್ತು. ಕೈಗವಸು ದಪ್ಪವೇ, ಕೆರೆ ಆಳವೇ. ಆದರೂ ಅವಳ ಕಿವಿ ಕೆಂಪಾಗಿತ್ತು, ಅವತ್ತು ಅವಳು ತಣ್ಣೀರಿಗೆ ಇಳಿದಿರಲೂ ಇಲ್ಲ. ಊದಪ್ಪ "ಹೂಂ" ಎಂದ. ಊಟ ಮುಗಿದ ಮೇಲೆ ಬಿಲ್ಲೆಯನ್ನು ಒರೆಸಿ, ತನ್ನ ಉಣ್ಣೆ ಕೋಟಿನ ಒಳಜೇಬಿಗೆ ಹಾಕಿದ. ಹೆಂಡತಿ ನೋಡಿದಳು, ಪಾತ್ರೆ ತೊಳೆಯುತ್ತಾ ಮೆಲ್ಲಗೆ ಅಂದಳು:

"ಅವಳು ಅವತ್ತು ನಿಮ್ಮ ಸಮಾಧಾನಕ್ಕೆ ಹೇಳಿದ್ದಾದ್ರೆ?"

"ನನಗೆ ಗೊತ್ತಾಗಬೇಕು ಕಣೆ. ಇಷ್ಟು ವರ್ಷ ಮಾಡಿದ್ದು."

"ಗೊತ್ತಾದ್ಮೇಲೆ ನೀರಿಂದೆದ್ದು ಬಂದು ಅವಳ ಮುಖ ಹೇಗೆ ನೋಡ್ತೀರಿ? ಅವಳು ನಿಮ್ಮ ಮುಖ ಹೇಗೆ ನೋಡ್ತಾಳೆ?"

ನಲ್ಲಿಯ ನೀರು ಹರಿಯುತ್ತಲೇ ಇತ್ತು.

ಹೊರಡುವ ಬೆಳಿಗ್ಗೆ ಬೀದಿಯ ಮೇಲೆ ತೆಳ್ಳನೆಯ ಮಂಜು, ಹಾಲಿನ ಮೇಲಿನ ಕೆನೆಯ ಹಾಗೆ. ಕೆಳಗೆ ಮಗಳು ಕಾರಿನ ಗಾಜಿನ ಹಿಮ ಕೆರೆಯುತ್ತಿದ್ದಳು. ಊದಪ್ಪ ಚೀಲ ಹೆಗಲಿಗೇರಿಸಿ, ಚಹಾ ಅರ್ಧ ಕುಡಿದು, "ಬರ್ತೀನಿ" ಎಂದು ಹೊರಟ.

ಮೆಟ್ಟಿಲ ತಿರುವಿನವರೆಗೆ ಹೋಗಿ ಬಂದ. ಉಣ್ಣೆ ಕಾಲುಚೀಲ ಮರೆತಿದ್ದ. ತೆಗೆದುಕೊಂಡು ಹೊರಟ.

ಬಾಗಿಲು ಮುಚ್ಚುವಷ್ಟರಲ್ಲಿ ಮತ್ತೆ ಬಂದ. ಫ್ಲಾಸ್ಕು. ನೀರಿನಿಂದ ಮೇಲೆ ಬಂದ ಕೂಡಲೇ ಅವಳಿಗೆ ಕುಡಿಸಬೇಕಲ್ಲ ಎಂದ. "ಅವಳಿಗೋ, ನಿಮಗೋ?" ಎಂದು ಹೆಂಡತಿ ಫ್ಲಾಸ್ಕನ್ನು ಕೈಗಿಟ್ಟಳು. ಕೆಳಗಿನಿಂದ ಕ್ಷೌರಿಕನ ದನಿ, "ಊದಪ್ಪಣ್ಣ, ಇವತ್ತೇ ಹೋಗ್ತೀಯೋ, ಕೆರೆಯನ್ನೇ ಮೇಲೆ ಕರ್ಕೊಂಡು ಬರೋಣ್ವೋ?"

ಊದಪ್ಪ ಬೀದಿಗಿಳಿದ. ಮಗಳು ಕಾರಿನ ಆಚೆ ಬದಿಯಿಂದ ಸುತ್ತಿ ಬಂದಳು. ನೆಲ ಜಾರುತ್ತಿತ್ತು. "ಹುಷಾರು" ಎಂದು ಕೈ ಚಾಚಿದಳು. ಅವನ ಬಲಗೈ ಕೋಟಿನೊಳಗಿತ್ತು. ಹೆಬ್ಬೆರಳು ಒಳಜೇಬಿನ ಬಿಲ್ಲೆಯ ಅಂಚಿನಲ್ಲಿ ಸುತ್ತು ಹಾಕುತ್ತಿತ್ತು. ಚಾಚಿದ ಕೈ ಚಳಿಗೆ ಕೆಂಪಾಗಿ, ಗಾಳಿಯಲ್ಲೇ ಕಾಯುತ್ತಿತ್ತು. ಅವಳು ಅವನ ಮುಖವನ್ನು ನೋಡುತ್ತಿದ್ದಳು, ಅವತ್ತು ಕಿಟಕಿಯ ಹತ್ತಿರ ನೋಡಿದ ಹಾಗೆಯೇ.

"ಒಂದ್ನಿಮಿಷ ಮಗಾ" ಎಂದ.

ಮೂರನೆಯ ಸಲ ಬಾಗಿಲು ತೆರೆದಾಗ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ಈಗೇನು ಮರೆತ್ರಿ?"

"ಒಂದನ್ನ ಇಟ್ಟು ಹೋಗೋಕೆ ಮರೆತಿದ್ದೆ."

ಒಳಜೇಬಿನಿಂದ ಬಿಲ್ಲೆ ತೆಗೆದು ಕಿಟಕಿಯ ದಂಡೆಯಲ್ಲಿ ಅದರ ಜಾಗದಲ್ಲಿಟ್ಟ. ಧೂಳಿನಲ್ಲಿ ಅದರ ದುಂಡು ಗುರುತು ಇನ್ನೂ ಹಾಗೇ ಇತ್ತು, ಸರಿಯಾಗಿ ಕೂತಿತು. ಆಗಷ್ಟೇ ಎದುರು ಮಾಳಿಗೆಯನ್ನು ದಾಟಿ ಬಂದ ಬಿಸಿಲು ಅದರೊಳಗೆ ಹೊಕ್ಕು, ಮೇಜು, ಒಲೆ, ಹೆಂಡತಿಯ ಕೈಬಳೆ, ಎಲ್ಲದರ ಮೇಲೂ ಹಸಿರಾಗಿ ಇಳಿಯಿತು. ಇಬ್ಬರೂ ಸ್ವಲ್ಪ ಹೊತ್ತು ಆ ಹಸಿರಿನ ತಳದಲ್ಲಿ ನಿಂತಿದ್ದರು.

"ನೋಡಬೇಕು ಅಂತಿದ್ರಲ್ಲ, ಅದೇನಾ ಅಂತ," ಅಂದಳು ಅವಳು.

"ಅವಳು ನೋಡಿ ಹೇಳಿದಾಳಲ್ಲ." ಊದಪ್ಪ ಬಲಗೈಯನ್ನು ಬಿಡಿಸಿ, ಮಡಿಸಿ, ಮತ್ತೆ ಬಿಡಿಸಿದ. "ಕೈ ಖಾಲಿ ಇರಲಿ. ಹಿಡ್ಕೋ ಅಂದಿದಾಳೆ."

ಮೇಜಿನ ಮೇಲೆ ಅರ್ಧ ಬಿಟ್ಟ ಚಹಾ ತಣ್ಣಗಾಗಿತ್ತು. ನಿಂತಲ್ಲೇ ಎತ್ತಿ ಹೀರಿದ. ಸೊರ್ರ್. ಪಕ್ಕದ ಮನೆಯಲ್ಲಿ ಯಾರೋ ಬೆಳಗಾಯಿತೆಂದು ಕಿಟಕಿ ತೆರೆದರು. ಹೆಂಡತಿ ಅವನ ಕೋಟಿನ ಮೇಲಿನ ಗುಂಡಿ ಹಾಕಿ, ಬೆನ್ನ ಮೇಲೆ ಒಂದು ಮೆಲ್ಲನೆ ಏಟು ಕೊಟ್ಟಳು, ಬೋಗುಣಿಯಿಂದ ಎಬ್ಬಿಸುತ್ತಿದ್ದಂತೆ.

ಊದಪ್ಪ ಹೊರಟ. ಮೆಟ್ಟಿಲ ಮೇಲೆ ಹೆಜ್ಜೆ ಇಳಿಯಿತು, ತಿರುವು ದಾಟಿತು, ಇನ್ನೂ ಇಳಿಯಿತು. ಕ್ಷೌರಿಕ ಏನೋ ಅಂದ, ಮಗಳು ನಕ್ಕಳು, ಕಾರಿನ ಬಾಗಿಲು ಒಂದರ ಹಿಂದೊಂದು ಮುಚ್ಚಿದವು. ಈ ಸಲ ಸಂಜೆಯ ತನಕ ಅವನು ತಿರುಗಿ ಬರಲಿಲ್ಲ.